ಕವಲಿಗೆ ಹಚ್ಚಿದ ಗಂಧ

ಬಿಲ್ಲಿನ ಮೇಲೆ ಬಾಣ ಕೂರುವ ಜಾಗ ಹೆಬ್ಬೆರಳಿನ ಉಗುರಿಗಿಂತ ದೊಡ್ಡದಲ್ಲ. ಡಾಕ್ಟರ್ ಅಂಕಲ್ ಬಿಲ್ಲಿನಲ್ಲಿ ಆ ಜಾಗಕ್ಕೆ ಏನನ್ನು ಹಾಕಬೇಕು ಎಂದು ತೀರ್ಮಾನ ಮಾಡಿದವಳು ನಾನು. ಆಗ ನನಗೆ ಹತ್ತೊಂಬತ್ತು. ಬಿಲ್ಲಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಇನ್ನೇನೂ ಉಳಿದಿಲ್ಲ ಎಂದು ಪೂರ್ತಿ ನಂಬಿದ್ದೆ.

ನನಗೆ ಯಾರೂ ಕಲಿಸಿರಲಿಲ್ಲ. ನಮ್ಮವರು ವಲಸೆ ಬಂದು ನೆಲೆಸಿದ ಪರದೇಶದ ಊರು ಲಾರೆನ್ಸ್‌ವಿಲ್‌ನ ಲೈಬ್ರರಿಯಲ್ಲಿ ಬೇಟೆಗಾರರ ಪತ್ರಿಕೆಗಳ ಹಳೆಯ ಕಟ್ಟು ಇತ್ತು. ಹೈಸ್ಕೂಲಿನ ಕೊನೆಯ ವರ್ಷ ಅದರಲ್ಲಿ ಒಂದನ್ನು ಸುಮ್ಮನೆ ತಿರುವಿ ಹಾಕಿದವಳು, ಆ ಬೇಸಿಗೆ ಮುಗಿಯುವುದರೊಳಗೆ ಕಟ್ಟನ್ನೆಲ್ಲ ಓದಿ ಮುಗಿಸಿದ್ದೆ. ಪಕ್ಕದ ಬೀದಿಯಲ್ಲಿ ಮನೆಯಂಗಳದಲ್ಲೇ ಹಳೆಯ ಸಾಮಾನು ಮಾರುವ ಯಾರ್ಡ್ ಸೇಲಿನಲ್ಲಿ ಒಂದು ಹಳೆಯ ಕಾಂಪೌಂಡ್ ಬಿಲ್ಲು ಸಿಕ್ಕಿತು. ನಮ್ಮ ಪುರಾಣದ ಚಿತ್ರಗಳಲ್ಲಿರುವ ಬಿಲ್ಲಿನಂತಲ್ಲ ಅದು. ಎರಡು ತುದಿಗಳಲ್ಲಿ ಎರಡು ಚಕ್ರ, ನಡುವೆ ಸ್ಟೀಲ್ ತಂತಿ, ಅಲ್ಯೂಮಿನಿಯಮ್ ಹಿಡಿ. ಎಳೆಯಲು ಶುರು ಮಾಡಿದಾಗ ಕೈ ಮುರಿದು ಹೋಗುತ್ತದೇನೋ ಅನ್ನಿಸುತ್ತದೆ, ಪೂರ್ತಿ ಎಳೆದ ಮೇಲೆ ಚಕ್ರಗಳು ತಿರುಗಿ ಭಾರದ ಬಹುಪಾಲನ್ನು ತಾವೇ ಹೊತ್ತುಕೊಳ್ಳುತ್ತವೆ. ಹಾಗಾಗಿ ಎಳೆದು ಹಿಡಿದುಕೊಂಡು ನಿಧಾನವಾಗಿ ಗುರಿ ನೋಡಬಹುದು. ಆದರೆ ಬಾಣ ಬಿಡದೆ ಹೆದೆಯನ್ನು ಮುಂದಕ್ಕೆ ಒಯ್ಯಬೇಕು ಎಂದರೆ ಆ ಭಾರವೆಲ್ಲ ಒಂದೇ ಏಟಿಗೆ ವಾಪಸ್ ಬರುತ್ತದೆ, ಕೈಯನ್ನು ಜಗ್ಗಿಕೊಂಡು ಹೋಗುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ. ನಾನೂ ನೆನಪಿಟ್ಟುಕೊಳ್ಳಬೇಕಿತ್ತು.

ನಾನು ಯಾವ ಪ್ರಾಣಿಯನ್ನೂ ಹೊಡೆದವಳಲ್ಲ. ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಒಳಗೆ ತರುವುದಿಲ್ಲ. ನನಗೆ ಬೇಕಾಗಿದ್ದದ್ದು ಆ ಯಂತ್ರ ಮಾತ್ರ. ಹಿತ್ತಲಿನಲ್ಲಿ ಹುಲ್ಲಿನ ಪೆಂಡಿ ಪೇರಿಸಿ, ಕಾಲೇಜಿನಿಂದ ಬಂದ ಕೂಡಲೇ ಕತ್ತಲಾಗುವವರೆಗೂ ಬಾಣ ಬಿಡುತ್ತಿದ್ದೆ. ಊಟಕ್ಕೆ ಕೂತರೆ ಬಾಯಲ್ಲಿ ಅದೇ ಮಾತು. ಅಮ್ಮ ಕೇಳಿಸಿಕೊಳ್ಳುವುದನ್ನು ಬಿಟ್ಟಿದ್ದಳು. ಅಪ್ಪ ಧಾರವಾಡದ ಕಡೆಯ ಮೆಕ್ಯಾನಿಕಲ್ ಇಂಜಿನಿಯರ್. ಅವರು ಕೇಳಿಸಿಕೊಳ್ಳುತ್ತಿದ್ದರು, ಆದರೆ ಪ್ರತಿ ಸಲ ನನಗೆ ಬೇಡವಾದ ಪ್ರಶ್ನೆಯನ್ನೇ ಕೇಳುತ್ತಿದ್ದರು.

ಡಾಕ್ಟರ್ ಅಂಕಲ್ ಕಣ್ಣಿನ ಸರ್ಜನ್. ನಾನು ಹುಟ್ಟುವುದಕ್ಕೆ ಮುಂಚೆಯೇ ಮೈಸೂರಿನಿಂದ ಬಂದು ಇಲ್ಲಿ ನೆಲೆಸಿದವರು. ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಅವರ ಮನೆ, ಹಿಂದುಗಡೆ ಪೈನ್ ಮರಗಳ ದಟ್ಟ ಕಾಡು. ಆ ಕಾಡಿನಿಂದ ಜಿಂಕೆಗಳು ಬಂದು ಆಂಟಿಯ ಅವರೆ ಬಳ್ಳಿಯನ್ನು ವರ್ಷ ವರ್ಷವೂ ಬುಡದವರೆಗೆ ಮೇಯುತ್ತಿದ್ದವು. ಅಂಕಲ್ ಜೊತೆ ಕೆಲಸ ಮಾಡುವ ಇಬ್ಬರು ಡಾಕ್ಟರುಗಳು ಬೇಟೆಗಾರರು. ಒಮ್ಮೆ ನಮ್ಮ ಜೊತೆ ಬನ್ನಿ ಎಂದು ಅವರು ಹಟ ಹಿಡಿದದ್ದಕ್ಕೋ, ಬಳ್ಳಿಯ ಮೇಲಿನ ಸಿಟ್ಟಿಗೋ, ಅಂಕಲ್ ಒಂದು ಹೊಸ ಬಿಲ್ಲು ಕೊಂಡರು. ಐವತ್ತೈದು ದಾಟಿದ ಮನುಷ್ಯ ಹೊಸ ಆಟದ ಸಾಮಾನು ಸಿಕ್ಕಂತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ನನಗೆ ಫೋನ್ ಮಾಡಿದರು. ಊರಲ್ಲಿ ಬಿಲ್ಲಿನ ಬಗ್ಗೆ ಮಾತಾಡುವ ಕನ್ನಡದವಳು ನಾನೊಬ್ಬಳೇ.

"ಏನಮ್ಮಾ ಗುರುಗಳೇ, ನನ್ನ ಬಿಲ್ಲಿಗೆ ಯಾವ ರೆಸ್ಟ್ ಹಾಕ್ತೀರಾ?" ಎಂದರು. "ನೋಡು, ನಾನು ಪೇಶೆಂಟು, ನೀನು ಡಾಕ್ಟ್ರು. ಸೈನ್ ಎಲ್ಲಿ ಹಾಕ್ಬೇಕು ಹೇಳು ಸಾಕು."

ರೆಸ್ಟ್ ಎಂದರೆ ಬಾಣವನ್ನು ಹೊತ್ತುಕೊಳ್ಳುವ ಆಸರೆ. ಅವರ ಬಿಲ್ಲಿಗೆ ಹೊಂದುವಂಥವು ಮೂರು ಬಗೆ ಇದ್ದವು. ಮೊದಲನೆಯದು ಸಾದಾ ಕವಲು: ಹಿಡಿಯ ನೇರಕ್ಕೆ ಎರಡು ಸಣ್ಣ ಕಡ್ಡಿಗಳು, ಅವುಗಳ ಸಂದಿನಲ್ಲಿ ಬಾಣ. ಬಾಣ ಉದ್ದವಾಗಿರುತ್ತದೆ, ಅದರ ಮೊನೆ ಯಾವಾಗಲೂ ಬಿಲ್ಲಿನ ಮುಂದೆಯೇ ಇರುತ್ತದೆ. ಎರಡನೆಯದಕ್ಕೆ ಓವರ್‌ಡ್ರಾ ಎನ್ನುತ್ತಾರೆ. ಅದರಲ್ಲಿ ಕವಲು ಹಿಡಿಗಿಂತ ನಾಲ್ಕು ಅಂಗುಲ ಹಿಂದೆ, ಮಣಿಕಟ್ಟಿನ ಮೇಲೆ ಬಂದು ನಿಲ್ಲುತ್ತದೆ. ಬಾಣವನ್ನು ಅಷ್ಟು ಗಿಡ್ಡ ಮಾಡಬಹುದು. ಗಿಡ್ಡವಾದರೆ ಹಗುರ, ಹಗುರವಾದರೆ ವೇಗ. ದೂರವನ್ನು ಸ್ವಲ್ಪ ತಪ್ಪಾಗಿ ಅಂದಾಜು ಮಾಡಿದರೂ ಬಾಣ ಗುರಿಯ ಹತ್ತಿರವೇ ಹೋಗುತ್ತದೆ. ಈ ಓವರ್‌ಡ್ರಾದಲ್ಲೇ ಎರಡು ತರಹ. ಒಂದಕ್ಕೆ ಕವಲಿನ ಕೆಳಗೆ ಅಗಲವಾದ ತಟ್ಟೆ ಇರುತ್ತದೆ, ಬಾಣ ಜಾರಿದರೆ ಕೈಗೆ ಬೀಳದೆ ತಟ್ಟೆಗೆ ಬೀಳಲಿ ಎಂದು. ಇನ್ನೊಂದಕ್ಕೆ ತಟ್ಟೆ ಇಲ್ಲ. ತೆಳ್ಳಗೆ, ಕಪ್ಪಗೆ, ಜೀರುಂಡೆಯ ಮೀಸೆಯಂಥ ಎರಡು ಕಡ್ಡಿ ಅಷ್ಟೇ.

ಆ ಮೀಸೆಯಂಥದ್ದು ನನಗೆ ಹುಚ್ಚು ಹಿಡಿಸಿತ್ತು. ತಟ್ಟೆ ಇರುವುದು ದಪ್ಪ, ಭಾರ, ಬಾಣ ತಾಗಿದರೆ ಟಣ್ ಎಂದು ಸದ್ದು ಬೇರೆ. ಜಿಂಕೆಗೆ ಅಷ್ಟು ಸದ್ದು ಸಾಕು. ನನ್ನ ಬಿಲ್ಲು ಹಳೆಯದು, ಅದಕ್ಕೆ ಓವರ್‌ಡ್ರಾ ಕೂರುವುದಿಲ್ಲ. ನನ್ನ ಬಿಲ್ಲಿಗೆ ಆಗದ್ದನ್ನು ಅಂಕಲ್ ಬಿಲ್ಲಿನಲ್ಲಿ ನೋಡುವ ಆಸೆ. ಇದನ್ನು ಆಗ ಯಾರಾದರೂ ನನ್ನ ಮುಖಕ್ಕೆ ಹೇಳಿದ್ದರೆ ಜಗಳ ಆಡುತ್ತಿದ್ದೆ.

ಅಪ್ಪನಿಗೆ ಕರವಸ್ತ್ರದ ಮೇಲೆ ಪೆನ್ನು ಪೆನ್ಸಿಲು ಇಟ್ಟು ವಿವರಿಸಿದೆ. ಅವರು ಪೆನ್ಸಿಲನ್ನು ಹಿಂದಕ್ಕೆ ಸರಿಸಿ ನೋಡಿದರು.

"ಪೂರಾ ಎಳದಾಗ ಬಾಣದ ಮೊನಿ ಎಲ್ಲಿರ್ತದ?"

"ಕೈ ಮ್ಯಾಲ ಇರ್ತದಪ್ಪಾ. ಆದ್ರ ಕವಲು ಹಿಡದಿರ್ತದ."

"ಹಿಡೀಲಿಲ್ಲಂದ್ರ?"

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡು ಎದ್ದರು.

ಊರಿನಿಂದ ಪೂರ್ವಕ್ಕೆ ಹೋಗುವ ರಸ್ತೆಯಲ್ಲಿ ಒಂದು ಬಿಲ್ಲಿನ ಅಂಗಡಿ ಇತ್ತು. ಅರ್ಧ ಅಂಗಡಿಯಲ್ಲಿ ಬಿಲ್ಲು ಬಾಣ, ಇನ್ನರ್ಧದಲ್ಲಿ ಮೀನು ಹಿಡಿಯುವವರಿಗೆ ಬೇಕಾದ ಹುಳುಗಳ ಫ್ರಿಜ್ಜು. ಅಂಗಡಿಯಾತ ವಯಸ್ಸಾದ ಬಿಳಿಯ, ಮಾತು ಕಡಿಮೆ. ನಾನು ಹೋಗಿ ತಟ್ಟೆ ಇಲ್ಲದ ಓವರ್‌ಡ್ರಾ ಕೇಳಿದೆ. ಆತ ಪ್ಯಾಕೆಟ್ಟನ್ನು ತೆಗೆದು ಕೌಂಟರಿನ ಮೇಲಿಟ್ಟು, ಅದರ ಮೇಲೆ ತನ್ನ ಎಡಗೈ ಇಟ್ಟ. ಯಾರ ಬಿಲ್ಲಿಗೆ ಎಂದು ಕೇಳಿದ. ಗೊತ್ತಿರುವ ಒಬ್ಬ ಅಂಕಲ್ಲಿಗೆ ಎಂದೆ. ಅವರು ಏನು ಕೆಲಸ ಮಾಡುತ್ತಾರೆ ಎಂದ. ಕಣ್ಣಿನ ಆಪರೇಷನ್ ಮಾಡುತ್ತಾರೆ ಎಂದು ಹೆಮ್ಮೆಯಿಂದಲೇ ಹೇಳಿದೆ.

ಆತ ಪ್ಯಾಕೆಟ್ಟನ್ನು ವಾಪಸ್ ಕೌಂಟರಿನ ಕೆಳಗೆ ಇಟ್ಟುಬಿಟ್ಟ.

ಆಮೇಲೆ ಎಡಗೈಯನ್ನು ನನ್ನ ಮುಂದೆ ಚಾಚಿದ. ಹೆಬ್ಬೆರಳು ತೋರುಬೆರಳು ಸೇರುವ ಜಾಗದ ಬೆನ್ನಿನಿಂದ ಮಣಿಕಟ್ಟಿನವರೆಗೆ ಒಂದು ಹಳೆಯ ಗಾಯದ ಗುರುತು, ಕಿತ್ತುಹೋದ ಬಟ್ಟೆಯನ್ನು ಅವಸರದಲ್ಲಿ ಹೊಲಿದಂತೆ. ಹೆಬ್ಬೆರಳು ಅರ್ಧ ಮಾತ್ರ ಮಡಚುತ್ತಿತ್ತು. ಇದು ನಾನೇ ಮಾಡಿಕೊಂಡದ್ದು, ಇಂಥದ್ದರಿಂದಲೇ, ಎಂದ. ಇದು ಬೇಕೇ ಬೇಕು ಅಂದರೆ ಅವರನ್ನೇ ಇಲ್ಲಿಗೆ ಕರೆದುಕೊಂಡು ಬಾ, ಮೊದಲು ನನ್ನ ಕೈ ನೋಡಲಿ, ಆಮೇಲೆ ಕೊಳ್ಳಲಿ, ಎಂದೂ ಹೇಳಿದ.

ನಾನು ಕರೆದುಕೊಂಡು ಹೋಗಲಿಲ್ಲ. ಅಂಕಲ್ಲಿಗೆ ಬಿಡುವಿಲ್ಲವಂತೆ, ಅವರಿಗೆ ಎಲ್ಲ ಗೊತ್ತು ಎಂದು ಒಂದು ವಾರ ಬಿಟ್ಟು ಹೋಗಿ ಸುಳ್ಳು ಹೇಳಿದೆ. ಆತ ನನ್ನನ್ನು ಒಂದು ಗಳಿಗೆ ನೋಡಿ ಪ್ಯಾಕೆಟ್ಟು ಕೊಟ್ಟ. ಅಂಕಲ್ ಅಳತೆಗೆ ಗಿಡ್ಡ ಬಾಣಗಳನ್ನೂ ಕತ್ತರಿಸಿ ಕೊಟ್ಟ. ಕತ್ತರಿಸುವ ಯಂತ್ರದ ಸದ್ದು ನಿಂತ ಮೇಲೂ ತಲೆ ಎತ್ತಲಿಲ್ಲ.

ಆ ಕೈಯ ವಿಷಯ ಅಂಕಲ್ಲಿಗೆ ಹೇಳಲಿಲ್ಲ. ಮರೆತಿದ್ದಲ್ಲ. ಹೇಳಿದರೆ ಸಾದಾ ಕವಲೇ ಸಾಕು ಅನ್ನುತ್ತಾರೆ ಎಂದು ಗೊತ್ತಿತ್ತು.

ಸೆಪ್ಟೆಂಬರ್ ಪೂರ್ತಿ ಎಲ್ಲ ಸರಿಯಾಗಿಯೇ ಇತ್ತು. ಭಾನುವಾರ ಭಾನುವಾರ ಅವರ ಹಿತ್ತಲಿನಲ್ಲಿ ಅಭ್ಯಾಸ. ಬಾಣ ಹೋಗುವುದು ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟು ವೇಗ. ಅಂಕಲ್ ಕೈಯಂತೂ ಕಲ್ಲು. ಇಪ್ಪತ್ತು ಗಜದ ದೂರದಲ್ಲಿ ಮೂರು ಬಾಣಗಳು ಒಂದು ದೋಸೆಯ ಅಗಲದೊಳಗೆ ಬೀಳುತ್ತಿದ್ದವು. ಆಂಟಿ ಕಾಫಿ ತಂದುಕೊಟ್ಟು ನೋಡುತ್ತ ನಿಲ್ಲುವರು. ಒಂದು ದಿನ ಇದರಲ್ಲಿ ಮುಖ್ಯವಾದ್ದು ಯಾವುದು ಎಂದು ಕೇಳಿದರು. ನಾನು ಆ ಎರಡು ಕಡ್ಡಿಗಳನ್ನು ಮುಟ್ಟಿ ತೋರಿಸಿ, ಇದೇ ಈ ಬಿಲ್ಲಿನ ಜೀವ ಆಂಟಿ, ನಾನೇ ಆರಿಸಿದ್ದು ಎಂದೆ. ಆಂಟಿ ತಲೆದೂಗಿದರು. ನನ್ನ ಮಾತನ್ನು ಅಷ್ಟು ಶ್ರದ್ಧೆಯಿಂದ ಕೇಳಿಸಿಕೊಂಡವರು ಅವರೊಬ್ಬರೇ.

ಅಕ್ಟೋಬರಿನಲ್ಲಿ ಆಯುಧ ಪೂಜೆ ಬಂತು. ಇಲ್ಲಿ ಹಬ್ಬಗಳು ವಾರದ ಕೊನೆಗೆ ಕಾಯುತ್ತವೆ. ಆ ವರ್ಷ ಶನಿವಾರ ಪೂಜೆ, ಭಾನುವಾರ ವಿಜಯದಶಮಿ ಎಂದು ನಾವು ನಾವೇ ಇಟ್ಟುಕೊಂಡೆವು. ಮುಂದಿನ ಶನಿವಾರ ಅಂಕಲ್ ತಮ್ಮ ಸ್ನೇಹಿತರ ಜೊತೆ ಬೇಟೆಗೆ ಹೊರಡುವವರಿದ್ದರು. ಹಾಗಾಗಿ ಆಂಟಿ ದೇವರ ಮುಂದೆ ಕಾರಿನ ಕೀಲಿ, ಹೊಲಿಗೆ ಯಂತ್ರ, ಈಳಿಗೆಮಣೆ, ಅಂಕಲ್ ಕಣ್ಣು ನೋಡುವ ಟಾರ್ಚು ಎಲ್ಲ ಜೋಡಿಸಿ, ಮಧ್ಯದಲ್ಲಿ ಬಿಲ್ಲನ್ನು ಇಟ್ಟರು. ಪಕ್ಕದಲ್ಲಿ ಒಂದೇ ಒಂದು ಬಾಣ. ಪೂಜೆಗೆ ಅಭ್ಯಾಸದ ಮೊಂಡು ಬಾಣ ಇಡುವುದು ಹೇಗೆ? ಆಯುಧ ಅಂದರೆ ಆಯುಧವೇ ಆಗಬೇಕು ಎಂದು ಅವರೇ ಕೇಳಿ, ಬೇಟೆಯ ಬಾಣವನ್ನು ತೆಗೆಸಿಟ್ಟಿದ್ದರು. ಅದರ ತಲೆಗೆ ಮೂರು ಬ್ಲೇಡುಗಳು ಇರುತ್ತವೆ, ಮುಖ ಕ್ಷೌರದ ಬ್ಲೇಡಿನಷ್ಟು ಹರಿತ.

ಭಾನುವಾರ ಮಧ್ಯಾಹ್ನ ಊಟಕ್ಕೆ ಮುಂಚೆ ಆರೇಳು ಸಂಸಾರಗಳು ಹಿತ್ತಲಿನಲ್ಲಿ ಸೇರಿದ್ದವು. ಪೂಜೆ ಮಾಡಿದ ಆಯುಧವನ್ನು ಮಾರನೆಯ ದಿನ ಒಮ್ಮೆಯಾದರೂ ಉಪಯೋಗಿಸಬೇಕಲ್ಲ. ಕಾರಿನವರು ಕಾರನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿ ಒಂದು ಸುತ್ತು ಹೋಗಿ ಬಂದಿದ್ದರು. ಈಗ ಡಾಕ್ಟರು ಬಾಣ ಬಿಡುವುದು. ಅಂಕಲ್ ರೇಷ್ಮೆ ಪಂಚೆ, ಶಲ್ಯದಲ್ಲಿ ಬಂದು ನಿಂತರು. ಆಂಟಿ ದೇವರ ಮನೆಯಿಂದ ಬಿಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದರು. ಚಕ್ರಗಳಿಗೆ ಸೇವಂತಿಗೆ ಸಿಕ್ಕಿಸಿತ್ತು. ಅದನ್ನು ತಾವೇ ತೆಗೆದು ಮುಡಿದುಕೊಂಡರು.

ಆಗ ನನಗೆ ಕವಲು ಕಾಣಿಸಿತು.

ಆ ಎರಡು ಕಡ್ಡಿಗಳ ತುದಿಗೂ ಗಂಧ ಹಚ್ಚಿ ಕುಂಕುಮ ಇಟ್ಟಿದ್ದರು. ಬೇರೆ ಸಾಮಾನುಗಳಿಗೆಲ್ಲ ಒಂದೊಂದು ಬೊಟ್ಟು, ಇದಕ್ಕೆ ಮಾತ್ರ ಧಾರಾಳವಾಗಿ. ಬಿಲ್ಲಿನ ಜೀವ ಅಂದಿದ್ದೆನಲ್ಲ. ರಾತ್ರಿಯೆಲ್ಲ ಒಣಗಿ ಅದು ಗಟ್ಟಿಯಾಗಿತ್ತು. ಎಡಗಡೆಯ ಕಡ್ಡಿಯ ಮೇಲೆ ಗಂಧದೊಳಗೆ ಒಂದು ಅಕ್ಷತೆಯ ಕಾಳೂ ಕಚ್ಚಿಕೊಂಡಿತ್ತು.

ನನ್ನ ಜೇಬಿನಲ್ಲಿ ಬಟ್ಟೆ ಇತ್ತು. ಪ್ರತಿ ಭಾನುವಾರ ಬಾಣ ಬಿಡುವ ಮೊದಲು ಕವಲನ್ನು ಒರೆಸುವುದು ನನ್ನದೇ ಅಭ್ಯಾಸ. ಕೈ ಜೇಬಿಗೆ ಹೋಯಿತು ಕೂಡ. ಆದರೆ ಎದುರಿಗೆ ಆಂಟಿ ನಿಂತಿದ್ದರು, ಅವರ ಹಿಂದೆ ಅಷ್ಟೂ ಹೆಂಗಸರು. ಹಬ್ಬದ ದಿನ, ದೇವರ ಮುಂದೆ ಇಟ್ಟ ಕುಂಕುಮವನ್ನು, ಇಟ್ಟವರ ಕಣ್ಣ ಮುಂದೆಯೇ ಒರೆಸುವುದು. ಮದುವೆಯಾಗದ ಹುಡುಗಿ. ಅಮ್ಮನ ಮುಖ ಹೇಗಾಗುತ್ತದೆ ಎಂದು ಯೋಚಿಸಿದೆ. ಒಂದು ಕಾಳು ಅಕ್ಕಿ ಏನು ಮಾಡೀತು ಎಂದುಕೊಂಡೆ. ಕೈ ಜೇಬಿನಲ್ಲೇ ಉಳಿಯಿತು.

ಅಂಕಲ್ ಬಾಣ ಹೂಡಿದರು. ಬಲ ಮಣಿಕಟ್ಟಿಗೆ ಕಟ್ಟಿಕೊಂಡಿದ್ದ, ಹೆದೆಯನ್ನು ಹಿಡಿದು ಬಿಡುವ ಸಣ್ಣ ಕೊಕ್ಕೆಯನ್ನು ಸಿಕ್ಕಿಸಿ ಅದರ ಟ್ರಿಗರ್ ಮೇಲೆ ಬೆರಳಿಟ್ಟರು. ನಾನು ಯಾವಾಗಲೂ ನಿಲ್ಲುವ ಹಾಗೆ ಅವರ ಎಡಗಡೆ, ಒಂದು ಹೆಜ್ಜೆ ಹಿಂದೆ ನಿಂತೆ. ಅವರು ಎಳೆದರು. ಬಾಣ ಹಿಂದಕ್ಕೆ ಸರಿಯುತ್ತ ಆ ಗಂಧದ ಗಂಟಿನ ಮೇಲೆ ಸಣ್ಣಗೆ ಹತ್ತಿದ್ದು ಕಾಣಿಸಿತು, ರಸ್ತೆಯ ಉಬ್ಬನ್ನು ಗಾಡಿ ಹತ್ತುವಂತೆ. ಹತ್ತಿ, ಒಂದು ಗಳಿಗೆ ತುದಿಯಲ್ಲಿ ನಿಂತು, ಎಡಕ್ಕೆ ಹೊರಳಿತು. ಸದ್ದೇ ಆಗಲಿಲ್ಲ. ಬಿದ್ದದ್ದು ಅಂಕಲ್ ಕೈಯ ಮೇಲೆ, ಹೆಬ್ಬೆರಳು ತೋರುಬೆರಳು ಸೇರುವ ಜಾಗದ ಬೆನ್ನಿನ ಮೇಲೆ. ಅಂಗಡಿಯಾತ ತೋರಿಸಿದ್ದ ಅದೇ ಜಾಗ.

ಬಿಲ್ಲು ಪೂರ್ತಿ ಎಳೆದಿತ್ತು. ಬಿಟ್ಟರೆ ಬಾಣ ಅವರ ಕೈಯೊಳಗೇ ಹೋಗುತ್ತದೆ. ಹೆದೆಯನ್ನು ಮೆಲ್ಲಗೆ ಮುಂದಕ್ಕೆ ಒಯ್ಯಲು ನೋಡಿದರೆ ಆ ಭಾರ ಏಕ್‌ದಮ್ ಜಗ್ಗುತ್ತದೆ, ಮೂರು ಬ್ಲೇಡುಗಳೂ ಕೈಯ ಬೆನ್ನನ್ನು ಉಳುತ್ತ ಮುಂದೆ ಹೋಗುತ್ತವೆ. ಹಿಡಿದುಕೊಂಡೇ ಇರಬೇಕು. ಐವತ್ತೈದು ದಾಟಿದ ಹೆಗಲು ಎಷ್ಟು ಹೊತ್ತು ಹಿಡಿದೀತು?

"ಅಂಕಲ್, ಬಿಡ್ಬೇಡಿ. ಟ್ರಿಗರ್ ಮೇಲಿಂದ ಬೆರಳು ತೆಗೀರಿ. ಮುಂದಕ್ಕೂ ಬಿಡ್ಬೇಡಿ."

ಅವರು ಕೆಳಗೆ ನೋಡಲಿಲ್ಲ. ನೋಡದೆಯೇ ಅವರಿಗೆ ಗೊತ್ತಾಗಿತ್ತು. ಬೆರಳು ಟ್ರಿಗರಿನಿಂದ ಆಚೆ ಸರಿಯಿತು.

"ಬಿಡಲ್ಲ. ಈಗ ಏನ್ ಮಾಡ್ಬೇಕು ಹೇಳು."

ಆ ಧ್ವನಿಯನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಗುರುಗಳೇ ಎನ್ನುವ ತಮಾಷೆ ಇಲ್ಲ, ಭಯವೂ ಇಲ್ಲ. ಆಪರೇಷನ್ ಮಾಡುವಾಗ ಅವರು ಹೀಗೇ ಮಾತಾಡುತ್ತಾರೇನೋ. ನನಗೆ ಮಾತ್ರ ತಲೆಯೊಳಗೆ ಓದಿದ್ದೊಂದೂ ಇರಲಿಲ್ಲ. ಯಾವ ಪತ್ರಿಕೆಯಲ್ಲೂ ಇದನ್ನು ಬರೆದಿರಲಿಲ್ಲ. ಬರೆದಿದ್ದರೂ ನಾನು ಆ ಪುಟವನ್ನು ತಿರುವಿ ಹಾಕಿದ್ದೆನೇನೋ.

ಅವರ ಹೆಗಲು ನಡುಗಲು ಶುರುವಾಗಿತ್ತು. ನಾನು ಬಾಣದ ಕಡ್ಡಿಯನ್ನು ಅವರ ಮಣಿಕಟ್ಟಿಗಿಂತ ಸ್ವಲ್ಪ ಹಿಂದೆ, ಎರಡು ಬೆರಳಲ್ಲಿ ಹಿಡಿದೆ. ಕವಲಿನ ಮೇಲೆ ವಾಪಸ್ ಕೂರಿಸಲು ನೋಡಿದೆ. ಗಂಧದ ಗಂಟು ಬಿಡಲಿಲ್ಲ. ಬಾಣದ ಬಾಲ ಹೆದೆಗೆ ಕಚ್ಚಿಕೊಂಡಿರುತ್ತದೆ, ಮುಂದಕ್ಕೆ ಎಳೆದರೆ ಕಳಚಿಕೊಳ್ಳುತ್ತದೆ. ಉಳಿದ ದಾರಿ ಅದೊಂದೇ. ಕೈಯಿಂದ ಮೇಲಕ್ಕೆ ಎತ್ತಿ, ಎತ್ತಿದ ಹಾಗೆಯೇ ಮುಂದಕ್ಕೆ ಎಳೆಯಬೇಕು. ಎತ್ತಿದೆ. ಎಳೆದೆ. ಚಟ್ ಎಂದು ಹೆದೆಯಿಂದ ಬಿಟ್ಟುಕೊಂಡಿತು. ಬಿಟ್ಟುಕೊಂಡ ರಭಸಕ್ಕೆ ನನ್ನ ಕೈ ಒಂದು ಕೂದಲೆಳೆಯಷ್ಟು ಕೆಳಗೆ ಹೋಯಿತು.

ಬಾಣ ನನ್ನ ಕೈಗೆ ಬಂತು. ಅಂಕಲ್ ಖಾಲಿ ಬಿಲ್ಲನ್ನು ಮೆಲ್ಲಗೆ ಸಡಿಲ ಬಿಟ್ಟರು, ತೋಳು ಜಗ್ಗಿತು, ಬಿಲ್ಲು ಕೆಳಗಿಳಿಯಿತು. ಬಾಣ ಬಿದ್ದಾಗ ಅವರಿಗೆ ಏನೂ ಆಗಿರಲಿಲ್ಲ. ಅವರ ಕೈಯ ಬೆನ್ನ ಮೇಲೆ ಬ್ಲೇಡಿನಿಂದ ಎರಡು ಅಂಗುಲ ಉದ್ದದ ಗೆರೆ ಎಳೆದದ್ದು ನನ್ನ ಕೈ. ನೋಡುತ್ತಿದ್ದ ಹಾಗೇ ಅದು ಕೆಂಪಾಯಿತು.

ಹಿಂದಿನಿಂದ ಯಾರೋ ಕೂಗಿದರು, "ಏನ್ ಡಾಕ್ಟ್ರೇ, ಜಿಂಕೆ ಓಡ್ಹೋಯ್ತಾ?" ಎಲ್ಲರೂ ನಕ್ಕರು. ಅಷ್ಟು ದೂರದಿಂದ ಅವರಿಗೆ ಏನೂ ಕಂಡಿರಲಿಲ್ಲ. ಅಂಕಲ್ ಕೂಡ ನಕ್ಕು, ಎಡಗೈಯನ್ನು ಶಲ್ಯದೊಳಗೆ ಸುತ್ತಿಕೊಂಡರು. ಶಲ್ಯದ ಅಂಚಿಗೆ ಬಣ್ಣ ಹತ್ತಿದ್ದನ್ನು ನೋಡಿ ಆಂಟಿ, ಅಯ್ಯೋ ಕೈಯೆಲ್ಲ ಕುಂಕುಮ ಮಾಡ್ಕೊಂಡ್ರಾ, ತೊಳ್ಕೊಂಡು ಊಟಕ್ಕೆ ಬನ್ನಿ ಎಂದು ಒಳಗೆ ಹೋದರು. ನಾನು ಆ ದಿನ ಹೋಳಿಗೆ ತಿಂದೆ. ಹೇಗೆ ತಿಂದೆನೋ ಗೊತ್ತಿಲ್ಲ.

ಎರಡು ದಿನ ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ. ಫೋನ್ ಹೊಡೆದುಕೊಂಡಾಗೆಲ್ಲ ಅಮ್ಮ ಎತ್ತುವುದನ್ನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಬುಧವಾರ ಅವರೇ ಕರೆದರು. ಮನೆಗೆ ಬಾ, ಬರುವಾಗ ಬಾಣದ ಒಂದು ಗರಿ ಕಿತ್ತುಕೊಂಡು ಬಾ ಎಂದಷ್ಟೇ ಹೇಳಿದರು. ಕೆಲಸದ ದಿನ ಮಧ್ಯಾಹ್ನ ಮೂರು ಗಂಟೆಗೆ ಅವರು ಮನೆಯಲ್ಲಿದ್ದರು.

ಆಂಟಿ ಕೆಲಸಕ್ಕೆ ಹೋಗಿದ್ದರು. ಗಾಯಕ್ಕೆ ಅಂಕಲ್ ತಾವೇ ಪಟ್ಟಿ ಹಾಕಿಕೊಂಡಿದ್ದರು. ಆಳವಿಲ್ಲ, ವಾರದಲ್ಲಿ ಕೂಡಿಕೊಳ್ಳುತ್ತದೆ ಎಂದರು. ಆಮೇಲೆ ಪೆನ್ಸಿಲ್ ಹಿಡಿಯುವಂತೆ ಎಡಗೈಯಲ್ಲಿ ಒಂದು ಸಣ್ಣ ಚಿಮಟ ಹಿಡಿದು ತೋರಿಸಿದರು. ಚಿಮಟದ ಹಿಂಬದಿ ಹೆಬ್ಬೆರಳು ತೋರುಬೆರಳಿನ ಸಂದಿಗೆ ಒರಗಿ ಕೂತಿತು.

"ನೋಡು, ಇಲ್ಲಿ ಒರಗಿಸ್ಕೊಂಡೇ ನಾನು ಕೆಲಸ ಮಾಡೋದು. ಮೈಕ್ರೋಸ್ಕೋಪಿಂದ ಕಣ್ಣು ತೆಗೆಯೋ ಹಾಗಿಲ್ಲ. ಚಿಮಟ ಎಲ್ಲಿದೆ, ಜಾರ್ತಾ ಇದೆಯಾ, ಎಲ್ಲಾ ಈ ಜಾಗಾನೇ ಹೇಳ್ಬೇಕು. ಅದು ಈಗ ಹೇಳ್ತಿದೆಯೋ ಇಲ್ವೋ ನಂಗೆ ಅನುಮಾನ."

ಪಟ್ಟಿ ನೋಡಿದ ಆಂಟಿಗೆ, ಕೈ ಬರೀ ತರಚಿದ್ದು, ರಜೆ ಹಾಕಿದ್ದು ಭುಜ ಉಳುಕಿದ್ದಕ್ಕೆ ಎಂದು ಹೇಳಿದ್ದರಂತೆ. ಆಸ್ಪತ್ರೆಯಲ್ಲೂ ಅದನ್ನೇ ಹೇಳಿ ಆ ವಾರದ ಆಪರೇಷನ್‌ಗಳನ್ನೆಲ್ಲ ಮುಂದೂಡಿದ್ದರು. ಕಣ್ಣು ಮುಚ್ಚಿ ಕೈಯನ್ನು ಮೇಜಿನ ಮೇಲಿಟ್ಟರು. ಗರಿಯ ತುದಿಯಿಂದ ಅಲ್ಲಲ್ಲಿ ಮುಟ್ಟು, ಮುಟ್ಟಿದ್ದು ಗೊತ್ತಾದಾಗ ನಾನು ಹೇಳುತ್ತೇನೆ ಎಂದರು. ಮುಟ್ಟಿದೆ. ಈಗ, ಎಂದರು. ಬೆರಳಿನ ಮೇಲೆ ಮುಟ್ಟಿದೆ. ಈಗ. ಮಣಿಕಟ್ಟಿನ ಹತ್ತಿರ. ಈಗ. ಗಾಯದ ಗೆರೆಯ ಆಚೆ, ಸಂದಿಯಲ್ಲಿ, ಮುಟ್ಟಿದೆ. ಏನೂ ಹೇಳಲಿಲ್ಲ. ಇನ್ನೊಮ್ಮೆ ಮುಟ್ಟಿದೆ. ಮೂರನೆಯ ಸಲ ಮುಟ್ಟಿದೆ.

"ಮುಟ್ಟಿದ್ಯಾ?"

ಇಲ್ಲ ಅನ್ನಬಹುದಿತ್ತು. ಇಲ್ಲ ಅಂದರೆ ಸೋಮವಾರ ಅವರು ಕೆಲಸಕ್ಕೆ ಹೋಗುತ್ತಾರೆ, ಆಂಟಿಗೆ ಯಾವತ್ತೂ ಗೊತ್ತಾಗುವುದಿಲ್ಲ, ನಾನು ಏನೂ ಮಾಡಿಲ್ಲ ಎಂದಾಗುತ್ತದೆ. ಆ ಪದ ಬಾಯಿಗೆ ಬಂದೂ ಬಿಟ್ಟಿತ್ತು.

"ಮುಟ್ಟಿದೆ ಅಂಕಲ್. ಮೂರು ಸಲ."

ಅವರು ಕಣ್ಣು ತೆರೆಯಲಿಲ್ಲ. "ಗುರುತು ಹಾಕು" ಎಂದರು. ಬಾಲ್‌ಪೆನ್ನಿನಲ್ಲಿ ಸುತ್ತು ಹಾಕಿದೆ. ಕಡಲೆಕಾಳಿನಷ್ಟು.

ಆಮೇಲೆ ಎಲ್ಲ ಹೇಳಿಬಿಟ್ಟೆ. ಅಂಗಡಿಯಾತನ ಕೈ, ಆತ ಕರೆದುಕೊಂಡು ಬಾ ಎಂದದ್ದು, ನಾನು ಆತನಿಗೆ ಹೇಳಿದ ಸುಳ್ಳು, ಗಂಧ ನೋಡಿಯೂ ಜೇಬಿನಿಂದ ಬಟ್ಟೆ ತೆಗೆಯದೆ ನಿಂತದ್ದು. ಅವರು ಆ ನೀಲಿ ಸುತ್ತನ್ನೇ ನೋಡುತ್ತ ಕೇಳಿಸಿಕೊಂಡರು.

"ಹೇಳಿದ್ರೆ ನಾನು ಕೇಳ್ತಿದ್ನೋ ಇಲ್ವೋ ಗೊತ್ತಿಲ್ಲ," ಎಂದರು. "ಆದ್ರೆ ಹೇಳ್ಬೇಕಿತ್ತು ಪುಟ್ಟಿ. ಗಂಧದ ವಿಷಯ ಮಾತ್ರ ನಿಮ್ಮ ಆಂಟಿ ಹತ್ರ ಎತ್ತಬೇಡ. ಅವಳು ಜನ್ಮದಲ್ಲಿ ಮರೆಯಲ್ಲ."

ಆ ಶನಿವಾರ ಅವರು ಬೇಟೆಗೆ ಹೋಗಲಿಲ್ಲ. ಅದರ ಬದಲು ಇಬ್ಬರೂ ಅಂಗಡಿಗೆ ಹೋದೆವು. ಓವರ್‌ಡ್ರಾವನ್ನು ಬಿಚ್ಚಿ ಕೌಂಟರಿನ ಮೇಲಿಟ್ಟೆ. ಕಡ್ಡಿಗಳ ಮೇಲೆ ಕುಂಕುಮ ಇನ್ನೂ ಇತ್ತು. ಅಂಗಡಿಯಾತ ಅದೇನೆಂದು ಕೇಳಲಿಲ್ಲ. ಅಂಕಲ್ ಪಟ್ಟಿ ಹಾಕಿದ ಕೈಯನ್ನು ನೋಡಿ, ತನ್ನ ಕೈಯನ್ನು ಪಕ್ಕದಲ್ಲಿ ಇಟ್ಟ. ಅಂಕಲ್ ಅದನ್ನು ಎತ್ತಿ ಬೆಳಕಿಗೆ ಹಿಡಿದು, ಹೆಬ್ಬೆರಳನ್ನು ಮಡಚಿ ನೋಡಿ, ಎಲ್ಲಿಂದ ಎಲ್ಲಿಗೆ ಸ್ಪರ್ಶ ಗೊತ್ತಾಗುವುದಿಲ್ಲ ಎಂದು ಕೇಳಿದರು. ಆತ ತೋರುಬೆರಳಿನಿಂದ ಸುತ್ತು ಬಿಡಿಸಿ ತೋರಿಸಿದ. ಅರ್ಧ ಕೈ ಅದರೊಳಗೆ ಬಂತು. ಎಷ್ಟು ವರ್ಷವಾಯಿತು ಎಂದರು ಅಂಕಲ್. ಆತ ಹೇಳಿದ ಲೆಕ್ಕಕ್ಕೆ ನಾನಿನ್ನೂ ಹುಟ್ಟಿರಲಿಲ್ಲ. ವಾಪಸ್ ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಬಿಲ್ಲು ಮಲಗಿತ್ತು. ಅದರ ಹಿಡಿಯ ನೇರಕ್ಕೆ ಸಾದಾ ಕವಲು, ಪಕ್ಕದಲ್ಲಿ ಉದ್ದ ಬಾಣಗಳು. ಈ ಸಲ ನಾನು ಆರಿಸಲಿಲ್ಲ, ಆತ ಕೊಟ್ಟದ್ದನ್ನು ತೆಗೆದುಕೊಂಡೆ. ಬಿಲ್ಲು ನಮ್ಮ ಮನೆಯಲ್ಲಿರಲಿ ಎಂದು ಅಂಕಲ್ ನಮ್ಮ ಬಾಗಿಲಲ್ಲಿ ಇಳಿಸಿ ಹೋದರು.

ಅಲ್ಲಿಂದ ಮುಂದೆ ನನ್ನ ಭಾನುವಾರಗಳು ಬಿಲ್ಲಿಲ್ಲದೆ ಕಳೆದವು. ಆಂಟಿ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿಕೊಂಡು ಗರಿ ತೆಗೆದುಕೊಂಡು ಹೋಗುವುದು, ಮುಟ್ಟುವುದು, ಹಳೆಯ ಸುತ್ತನ್ನು ಸ್ಪಿರಿಟ್ಟಿನಲ್ಲಿ ಅಳಿಸಿ ಹೊಸದು ಹಾಕುವುದು. ಕಡಲೆಕಾಳು ಹೆಸರುಕಾಳಾಯಿತು. ಆಮೇಲೆ ಎರಡು ವಾರ ಹಾಗೆಯೇ ನಿಂತಿತು. ಆಸ್ಪತ್ರೆಯಲ್ಲಿ ಅವರು ಬರೀ ಕಣ್ಣು ಪರೀಕ್ಷೆ ಮಾಡುತ್ತಿದ್ದರು, ಆಪರೇಷನ್‌ಗಳು ಬೇರೆ ಡಾಕ್ಟರಿಗೆ ಹೋಗುತ್ತಿದ್ದವು. ಭುಜ ಇನ್ನೂ ಸರಿಯಾಗಲಿಲ್ಲವೇ ಎಂದು ನಮ್ಮ ಜನ ಕೇಳುವುದು, ಅವರು ಭುಜವನ್ನು ತಿರುಗಿಸಿ ಮುಖ ಹಿಂಡುವುದು. ನಾನು ಅಲ್ಲಿಂದ ಎದ್ದು ಹೋಗುತ್ತಿದ್ದೆ.

ನವೆಂಬರ್ ಕೊನೆಯ ಒಂದು ಭಾನುವಾರ ಅವರು ಗೆಲುವಾಗಿದ್ದರು. ಮಾರನೆಯ ದಿನಕ್ಕೆ ಒಂದು ಆಪರೇಷನ್ ಒಪ್ಪಿಕೊಂಡಿದ್ದೇನೆ ಎಂದರು. ಕಣ್ಣು ಮುಚ್ಚಿದರು. ಮುಟ್ಟಿದ ಕಡೆಯೆಲ್ಲ ಈಗ, ಈಗ ಎನ್ನುತ್ತ ಹೋದರು. ಸುತ್ತಿನೊಳಗೆ ಮುಟ್ಟಿದೆ. ಸ್ವಲ್ಪ ತಡವಾಗಿ, ಆದರೆ ಖಚಿತವಾಗಿ, ಈಗ ಎಂದರು. ನನಗೆ ಅಳು ಬರುವಂತಾಯಿತು. ಮೂಗು ಒರೆಸಿಕೊಳ್ಳಲು ಗರಿಯನ್ನು ಮೇಜಿನ ಮೇಲಿಟ್ಟೆ.

"ಈಗ," ಎಂದರು ಅಂಕಲ್.

ನನ್ನ ಎರಡೂ ಕೈ ಮುಖದ ಮೇಲಿದ್ದವು.

"ಈಗ ನಾನು ಮುಟ್ಟಿರ್ಲಿಲ್ಲ ಅಂಕಲ್."

ಅವರು ಕಣ್ಣು ತೆರೆದು ಮೇಜಿನ ಮೇಲಿದ್ದ ಗರಿಯನ್ನು ನೋಡಿದರು. ತಮ್ಮ ಕೈಯನ್ನು ನೋಡಿಕೊಂಡರು. ಎದ್ದು ಹೋಗಿ ಫೋನ್ ಮಾಡಿ, ನಾಳೆಯ ಪೇಶೆಂಟಿಗೆ ಬೇರೆ ಡಾಕ್ಟರನ್ನು ಗೊತ್ತು ಮಾಡಿದರು. ಬಂದು ಕೂತು, ಸುತ್ತು ಎಷ್ಟಿತ್ತೋ ಅಷ್ಟೇ ಹಾಕು ಎಂದರು.

ಹಾಗೆ ಚಳಿಗಾಲ ಪೂರ್ತಿ ನಡೆಯಿತು. ಫೆಬ್ರವರಿಯಲ್ಲಿ ಒಂದು ಭಾನುವಾರ ಅವರೇ ಹೊಸ ನಿಯಮ ಮಾಡಿದರು. ಇಪ್ಪತ್ತು ಸಲ ಮುಟ್ಟು, ಹತ್ತು ಸಲ ಮುಟ್ಟದೆ ಸುಮ್ಮನೆ ಕೂತುಕೋ, ಯಾವಾಗ ಯಾವುದು ಎಂದು ನನಗೆ ಗೊತ್ತಾಗಬಾರದು. ಮುಟ್ಟಿದೆ, ಕೂತೆ, ಮುಟ್ಟಿದೆ. ಕಾಗದದ ಮೇಲೆ ಗೀಟು ಹಾಕುತ್ತ ಹೋದೆ. ಮೂವತ್ತಕ್ಕೆ ಮೂವತ್ತೂ ಸರಿ ಹೇಳಿದರು. ಎಲ್ಲ ಸರಿ ಅಂಕಲ್, ಒಂದೂ ತಪ್ಪಿಲ್ಲ ಎಂದೆ.

ಅವರು ಕಣ್ಣು ತೆರೆಯಲಿಲ್ಲ. ಕೈಯನ್ನೂ ಎತ್ತಲಿಲ್ಲ.

"ಇನ್ನೊಂದ್ಸಲ ಮಾಡು, ಮೊದಲ್ನಿಂದ," ಎಂದರು.

ನಾನು ಕಾಗದವನ್ನು ತಿರುಗಿಸಿ ಖಾಲಿ ಬದಿಯನ್ನು ಮೇಲೆ ಮಾಡಿಕೊಂಡು, ಗರಿಯನ್ನು ಕೈಗೆ ತೆಗೆದುಕೊಂಡೆ.